ಹರಿಣಾಕ್ಷಿಯ ಕುರ್ಚಿ ಮಸ್ಕತ್ತಿಗೆ ಹೋದದ್ದು

ಅಜೆಕಾರು
ಆಗಸ್ಟ್ 12, 2024

ಪ್ರೀತಿಯ ಹರಿಣಕ್ಕನಿಗೆ,

ಕ್ಷೇಮ ಸಮಾಚಾರ ಕೊನೆಗೆ. ಮೊದಲು ಸುದ್ದಿ. ಮಸ್ಕತ್ತಿನಲ್ಲಿರುವ ನಮ್ಮ ಕರಾವಳಿಯವರ ಸಂಘವೊಂದು ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಮಹಿಳಾ ತಾಳಮದ್ದಳೆ ಇಟ್ಟುಕೊಂಡಿದೆ. ಕಾರ್ಕಳದ ನಮ್ಮ ತಂಡವನ್ನು ಕರೆದಿದ್ದಾರೆ. ಪ್ರಸಂಗದಲ್ಲಿ ಕಿರಿಯವಳಿಗೆ ಇದ್ದದ್ದೆಲ್ಲ ಬಿಟ್ಟುಕೊಟ್ಟ ಹಿರಿಯ ರಾಣಿಯ ಅರ್ಥ, ಅವಳ ಮಾತೆಲ್ಲ, ನನಗೆ!

ತಂಡ ನಡೆಸುವ ಸರಸಕ್ಕ ಫೋನಿನಲ್ಲಿ ಹೇಳಿದಾಗ ನನಗೆ ನೆನಪಾದದ್ದು ಮಣಿಪಾಲದ ವಾರ್ಡು. ನಾನು ಸ್ಕೂಟರಿನಿಂದ ಬಿದ್ದು ಸೊಂಟ ಮುರಿದುಕೊಂಡು ಬಂದವಳು, ಪಕ್ಕದ ಮಂಚದಲ್ಲಿ ನೀವು, ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು. ನರ್ಸಮ್ಮನವರೆಲ್ಲ "ಕಾಪುವಿನ ಅರ್ಥಧಾರಿ ಹರಿಣಾಕ್ಷಿಯವರು" ಎಂದು ನಿಮ್ಮನ್ನು ನೋಡಲು ಬರುತ್ತಿದ್ದರು. ತಾಳಮದ್ದಳೆಗೆ ವೇಷ ಬೇಡ, ಕುಣಿಯಲಿಕ್ಕಿಲ್ಲ, ಕೂತಲ್ಲೇ ಮಾತಾಡಿದರಾಯಿತು, ನಮ್ಮಂಥವರಿಗೆ ಹೇಳಿ ಮಾಡಿಸಿದ್ದು ಎಂದು ನೀವು ನಗಾಡಿ ನನಗೆ ಕಲಿಸಲು ಶುರು ಮಾಡಿದಿರಿ. ಅಲ್ಲಿಯವರೆಗೆ ನಾನು ಶಾಲೆಯ ಭಾಷಣವನ್ನೂ ಮಾಡಿದವಳಲ್ಲ.

ಈಗ ಒಂದು ಬೇಡಿಕೆ. ನನ್ನ ಗಾಲಿಕುರ್ಚಿ ನೀವು ನೋಡಿದ್ದೀರಿ. ಕಬ್ಬಿಣದ್ದು, ಕಾಲಿಡುವ ಹಲಗೆಗೆ ಹಗ್ಗ ಕಟ್ಟಿದ್ದು. ವಿಮಾನದೊಳಗೆ ಸೀಟಿನವರೆಗೆ ಅವರದೇ ಸಪೂರದ ಕುರ್ಚಿಯಲ್ಲಿ ಕರೆದೊಯ್ಯುತ್ತಾರಂತೆ. ನಮ್ಮ ಕುರ್ಚಿ ಕೆಳಗೆ ಪೆಟ್ಟಿಗೆಗಳ ಜೊತೆ ಹೋಗಬೇಕು. ನನ್ನದು ಹೋದರೆ ತುಂಡುಗಳಾಗಿ ಬರುತ್ತದೆ ಎಂದು ಸರಸಕ್ಕ ಹೇಳುತ್ತಾರೆ. ನಮ್ಮಿಬ್ಬರ ಅಳತೆ ಒಂದೇ ಎಂದು ಥೆರಪಿಯ ಜಾರ್ಜ್ ಸರ್ ಹೇಳಿದ್ದು ನೆನಪುಂಟಾ? ಒಂದು ವಾರಕ್ಕೆ ನಿಮ್ಮ ಕುರ್ಚಿ ಕೊಡುತ್ತೀರಾ? ನನ್ನದನ್ನು ನಿಮ್ಮಲ್ಲಿ ಬಿಡುತ್ತೇನೆ.

ಅಮ್ಮ ಕೇಳಿದ್ದಾರೆಂದು ತಿಳಿಸಲು ಹೇಳಿದರು. ಭಾವನಿಗೂ ಹೇಳಿ.

ನಿಮ್ಮ
ವಿಜೇತಾ


ಉಚ್ಚಿಲ
ಆಗಸ್ಟ್ 27, 2024

ವಿಜೇತಾ,

ನಿನ್ನ ಪತ್ರ ಬಂದು ಕೆಲವು ದಿನಗಳಾದವು. ಬಲಗೈ ಬೆರಳು ಮಳೆಗಾಲದಲ್ಲಿ ಇನ್ನೂ ಸೆಟೆಯುತ್ತದೆ. ಅದಕ್ಕೆ ತಡವಾಯಿತು ಎಂದು ಬರೆಯಬಹುದು. ಬೆರಳಿಗಾಗಿಯೇ ಅಲ್ಲವೇ ಜಾರ್ಜ್ ಸರ್ ನನಗೆ ಪತ್ರ ಬರೆಯಲು ಹೇಳಿದ್ದು, ಜೊತೆಗಿರಲಿ ಎಂದು ನಿನಗೂ ಹೇಳಿದ್ದು. ಆದರೆ ತಡವಾದದ್ದು ಬೆರಳಿನಿಂದಲ್ಲ.

ಸಂತೋಷವಾಯಿತು ಎಂದು ಬರೆಯಬೇಕು. ಬರೆದೆ.

ನಮ್ಮ ಮನೆಯವರು ನಿನ್ನ ಪತ್ರ ಓದಿ ಅಂಗಳದಲ್ಲಿದ್ದ ಬಲೆ ಬಿಟ್ಟು ಒಳಗೆ ಓಡಿ ಬಂದರು. "ನಿನ್ನ ಶಿಷ್ಯೆ ಫಾರಿನ್ನಿಗೆ ಹೋಗ್ತಾಳೆ ಮಾರಾಯ್ತಿ!" ಎಂದರು. ಮೀನು ಇಳಿಸುವಾಗ ಜೆಟ್ಟಿಯಿಂದ ನಾನು ಬಿದ್ದ ಮೇಲೆ ಅವರು ಅಷ್ಟು ಜೋರಾಗಿ ನಕ್ಕದ್ದು ನಾನು ಕೇಳಿರಲಿಲ್ಲ. ಅದೂ ನಿನಗೇ ಸಿಕ್ಕಿತು.

ಕಾಪುವಿನ ಸಂಘದವರು ಕಳೆದ ವರ್ಷ ನನ್ನನ್ನೂ ಕರೆದಿದ್ದರು. ಕುರ್ಚಿ ಸಮೇತ ನಾಲ್ಕು ಜನ ಎತ್ತಿ ವೇದಿಕೆಗೆ ಇಡುತ್ತೇವೆ ಎಂದರು. ನಾನು ಬರುವುದಿಲ್ಲ ಎಂದೆ. ನಿನ್ನನ್ನು ಎತ್ತುವಾಗ ನೀನು ಜನರ ಕಡೆ ನೋಡಿ ನಗುತ್ತೀಯಂತೆ, ಕೈ ಮುಗಿಯುತ್ತೀಯಂತೆ. ನೋಡಿದವರು ಬಂದು ಹೇಳಿದರು. ಅದನ್ನು ಮಾತ್ರ ನಾನು ಕಲಿಸಿದ್ದಲ್ಲ.

ಕುರ್ಚಿಯ ವಿಷಯ. ಅದು ದೋಹಾದಿಂದ ತಮ್ಮ ಮನೀಶ್ ಅಳತೆ ಕೊಟ್ಟು ಮಾಡಿಸಿ ಕಳಿಸಿದ್ದು. ಬೇರೆಯವರಿಗೆ ಅದು ಸಾಮಾನು. ನಾನು ಒಬ್ಬಳೇ ಅಡುಗೆಮನೆಗೆ, ಬಾವಿಕಟ್ಟೆಗೆ, ಸಮುದ್ರ ಕಾಣುವ ಆ ದಂಡೆಯವರೆಗೆ ಹೋಗುವುದು ಅದರಿಂದ. ಮೊದಲು ಅದಕ್ಕೆ ವಿಮೆ ಮಾಡಿಸು, ಆಮೇಲೆ ಕೇಳು. ನಿನ್ನ ಪ್ರಯಾಣದ ವಿಮೆಯಲ್ಲಿ ಬರುತ್ತದೆ ಎಂದು ಹೇಳಬೇಡ. ಮನೀಶನನ್ನು ಕೇಳಿದೆ. ಅದು ಪೆಟ್ಟಿಗೆ ಕಾಣೆಯಾದರೆ ಕೊಡುವ ವಿಮೆ, ಕುರ್ಚಿ ಮುರಿದರೆ ಕೈ ಎತ್ತುತ್ತಾರೆ. ವಿಮಾನದವರು ಕೊಡುವುದೂ ಪೆಟ್ಟಿಗೆಯ ಲೆಕ್ಕದಲ್ಲೇ. ಅದರಲ್ಲಿ ಒಂದು ಚಕ್ರವೂ ಬರಲಿಕ್ಕಿಲ್ಲ. ವಿಮಾನದಲ್ಲಿ ಪೆಟ್ಟಾದರೆ ಪೂರ್ತಿ ಕಟ್ಟಿಕೊಡುವ ವಿಮೆ ಬೇಕು.

ಇಲ್ಲಿ ದೋಣಿಗೆ ವಿಮೆ ಮಾಡುತ್ತಾರೆ. ಕುರ್ಚಿಗೆ ಮಾಡಿದ್ದು ನಾನು ಕೇಳಿಲ್ಲ.

ಹರಿಣಾಕ್ಷಿ


ಅಜೆಕಾರು
ಸೆಪ್ಟೆಂಬರ್ 14, 2024

ಹರಿಣಕ್ಕ,

ನೀವು ಕೇಳದ್ದನ್ನು ನಾನು ಈಗ ಕೇಳಿ ಬಂದಿದ್ದೇನೆ. ಕುರ್ಚಿಗೂ ವಿಮೆ ಉಂಟು.

ಮೊದಲು ಕಾರ್ಕಳದ ಒಂದು ಆಫೀಸಿಗೆ ಹೋದೆ. ಅಲ್ಲಿದ್ದ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತದೆ "ಟೂ ವೀಲರಾ, ಫೋರ್ ವೀಲರಾ?" ಎಂದು ಕೇಳಿದಳು. ನಾಲ್ಕು ಚಕ್ರ ಉಂಟು ಎಂದೆ. "ಆರ್‌ಸಿ ಕೊಡಿ." ಆರ್‌ಸಿ ಇಲ್ಲ, ನಾನು ಕೂತದ್ದರ ಜಾತಿಯದ್ದೇ ಗಾಡಿ ಎಂದೆ. ಆಗ ತಲೆ ಎತ್ತಿದಳು. ಪಾಪ, ನಾಚಿಕೆಯಿಂದ ಕೆಂಪಾಗಿ ನೀರು ತಂದುಕೊಟ್ಟಳು, ವಿಮೆ ಕೊಡಲಿಲ್ಲ. ಆರೋಗ್ಯ ವಿಮೆಯವರನ್ನು ಕೇಳಿ ಎಂದಳು. ಆರೋಗ್ಯದವರು ವಾಹನದವರನ್ನು ಕೇಳಿ ಎಂದರು.

ಉಡುಪಿಯ ಆಫೀಸು ಮಹಡಿಯ ಮೇಲೆ, ಲಿಫ್ಟ್ ಇಲ್ಲ. ನಾನು ಕೆಳಗೆ ಮೊಬೈಲ್ ಅಂಗಡಿಯ ಶೀಟಿನಡಿ ಕುರ್ಚಿ ನಿಲ್ಲಿಸಿ ಮೇಲಕ್ಕೆ ಫೋನ್ ಮಾಡಿದೆ. ಜೋಕಿಮ್ ಎಂಬ ಮ್ಯಾನೇಜರ್ ಇಳಿದು ಬಂದರು. ಮಳೆ ಹೊಡೆಯುತ್ತಿತ್ತು. "ಎಂತ ಮಾಡುವ ಮೇಡಂ, ಇಂಥದ್ದು ನಾವು ಮಾಡಿದ್ದೇ ಇಲ್ಲ" ಎಂದರು. ಮದುವೆ ಫೋಟೋದವರ ಕ್ಯಾಮೆರಾಕ್ಕೆ ಮಾಡುತ್ತೀರಲ್ಲ, ಅದನ್ನೂ ಹೊತ್ತುಕೊಂಡು ಊರೂರು ಹೋಗುತ್ತಾರಲ್ಲ ಎಂದು ಕೇಳಿದೆ. ಅವರು ಬಗ್ಗಿ ನನ್ನ ಕುರ್ಚಿಯನ್ನು ನೋಡಿದರು. ಆಮೇಲೆ, ಹೊತ್ತೊಯ್ಯುವ ವಸ್ತುಗಳಿಗೆ ಮಾಡುವ, ಹೇಗೆ ಪೆಟ್ಟಾದರೂ ಕಟ್ಟಿಕೊಡುವ ಆಲ್ ರಿಸ್ಕ್ ಪಾಲಿಸಿ ಉಂಟು, ಹೊರದೇಶವನ್ನೂ ಅದರಲ್ಲಿ ಸೇರಿಸಬೇಕಾಗುತ್ತದೆ, ಮೇಲಿನವರನ್ನು ಕೇಳುತ್ತೇನೆ ಎಂದರು. ಒಂದು ವಾರ ಕಾಯಿಸಿ ಮೊನ್ನೆ ಒಪ್ಪಿಗೆ ತಂದರು.

ಒಂದೇ ಷರತ್ತು. ಕುರ್ಚಿ ನಿಮ್ಮದಾದ್ದರಿಂದ ಪಾಲಿಸಿ ನಿಮ್ಮ ಹೆಸರಿನಲ್ಲಿ. ನಿಮ್ಮ ಒಪ್ಪಿಗೆಯಿಂದ ನಾನು ಬಳಸುವುದು ಎಂದು ಅದರಲ್ಲಿ ಬರೆಯುತ್ತಾರೆ. ಒಪ್ಪಿಗೆ ಇಲ್ಲದೆ ಯಾರಾದರೂ ಕೊಂಡುಹೋದರೆ ಪರಿಹಾರ ಇಲ್ಲ. ಕಾಗದ ಇದರೊಳಗೆ ಇಟ್ಟಿದ್ದೇನೆ. ಗುರುತು ಹಾಕಿದಲ್ಲಿ ನಿಮ್ಮ ಸಹಿ, ಕುರ್ಚಿಯ ಬಿಲ್ಲು, ಎಲ್ಲ ಕಡೆಯಿಂದ ಫೋಟೋ ಬೇಕು. ಪ್ರೀಮಿಯಂ ನಾನು ಕಟ್ಟಿದೆ.

ಅಕ್ಕ, ನಿಮ್ಮ ಪತ್ರದಲ್ಲಿ ಎಂತದೋ ಉಂಟು. ಓದಿ ಅಮ್ಮನಿಗೆ ಕೊಡಲಿಲ್ಲ.

ವಿಜೇತಾ


ಉಚ್ಚಿಲ
ಸೆಪ್ಟೆಂಬರ್ 25, 2024

ವಿಜೇತಾ,

ಸಹಿ ಹಾಕಿದ್ದೇನೆ. ಬಿಲ್ಲು ಮನೀಶ್ ಕಳಿಸಿದ. ಫೋಟೋ ನಮ್ಮ ಮನೆಯವರು ತೆಗೆದರು, ಕುರ್ಚಿಯನ್ನು ಅಂಗಳದಲ್ಲಿಟ್ಟು, ಮದುಮಗಳನ್ನು ತೆಗೆದ ಹಾಗೆ ಸುತ್ತು ಬಂದು. ಅಷ್ಟು ಹೊತ್ತು ನಾನು ಮಂಚದ ಮೇಲಿದ್ದೆ.

ಆಗುವುದಿಲ್ಲ ಎಂದು ತಿಳಿದು ಹೇಳಿದ ಕೆಲಸವನ್ನು ನೀನು ಮಾಡಿ ತಂದೆ. ಇನ್ನು ಬೇಡ ಎನ್ನಲು ನನ್ನಲ್ಲಿ ನೆವ ಇಲ್ಲ.

ಹಿರಿಯ ರಾಣಿಯ ಮೊದಲ ಪದ್ಯಕ್ಕೆ ಅರ್ಥ ಹೇಳುವಾಗ ನೀನು ಅವಸರ ಮಾಡುತ್ತೀ. ಅವಳು ಸಿಟ್ಟಿನಲ್ಲಿದ್ದಾಳೆ, ಗಡಿಬಿಡಿಯಲ್ಲಿಲ್ಲ.

ಹರಿಣಾಕ್ಷಿ


ಉಚ್ಚಿಲ
ನವೆಂಬರ್ 7, 2024

ವಿಜೇತಾ,

ನೀನು ಈಗ ವಿಮಾನದಲ್ಲಿರಬಹುದು. ಇದು ನಿನ್ನ ಮನೆಗೆ ಬರುವಾಗ ನೀನು ಇರುವುದಿಲ್ಲ. ತಿರುಗಿ ಬಂದು ಓದು.

ಕುರ್ಚಿ ನಾನು ಕೊಟ್ಟದ್ದಲ್ಲ.

ದೀಪಾವಳಿಯ ಸಮಯ ಕಾಪುವಿನವರೊಬ್ಬರು ಮಸ್ಕತ್ತಿನ ಆಮಂತ್ರಣ ಪತ್ರಿಕೆಯನ್ನು ಫೋನಿನಲ್ಲಿ ತೋರಿಸಿದರು. ನಿನ್ನ ಫೋಟೋ, ಜರಿ ಸೀರೆ, ಕೆಳಗೆ "ಸರಸ ಅವರ ಗರಡಿಯಲ್ಲಿ ಪಳಗಿದ ಕಲಾವಿದೆ" ಎಂದು. ನಾನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ಮಣಿಪಾಲದ ಆ ಮಂಚದಲ್ಲಿ ಕುತ್ತಿಗೆ ಆಚೀಚೆ ಮಾಡಲಾಗದೆ, ತಲೆಯ ಮೇಲಿನ ಮಾಡು ನೋಡಿಕೊಂಡೇ ನಿನಗೆ ಒಂದೊಂದು ಪದ ತಿದ್ದಿದವಳು ಯಾರು? ಸರಸ ನಿನ್ನನ್ನು ಕಂಡದ್ದೇ ಆಮೇಲೆ. ಅಂದೇ ನಮ್ಮ ಮನೆಯವರಿಗೆ ಹೇಳಿದೆ: "ಕುರ್ಚಿ ಕೊಡುವುದಿಲ್ಲ, ಅವಳಿಗೆ ಫೋನ್ ಮಾಡಿ ಹೇಳಿ." ಹೂಂ ಎಂದರು.

ನಿನ್ನೆ ಮಧ್ಯಾಹ್ನ ಮಲಗಿ ಎದ್ದು ನೋಡುತ್ತೇನೆ, ಮಂಚದ ಪಕ್ಕದಲ್ಲಿ ನಿನ್ನ ಕಬ್ಬಿಣದ ಕುರ್ಚಿ. ನನ್ನದನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಕಾರ್ಕಳಕ್ಕೆ ಹೋಗಿ ನಿನ್ನ ಕೈಗೆ ಕೊಟ್ಟು ಬಂದಿದ್ದಾರೆ. ನಾನು ಸಂತೋಷದಿಂದ ಕಳಿಸಿದೆ ಎಂದೂ ಹೇಳಿದ್ದಾರಂತೆ.

ಬೊಬ್ಬೆ ಹಾಕಿದೆ. ಅವರು ಬಾಗಿಲಿಗೆ ಒರಗಿ ನಿಂತು, "ಕೊಡಬೇಕೂಂತ ನಿನಗೂ ಉಂಟು, ಹೇಳಲಿಕ್ಕೆ ಆಗುವುದಿಲ್ಲ ಅಷ್ಟೇ" ಎಂದರು. ನನ್ನ ಮನಸ್ಸಿನಲ್ಲಿ ಎಂತ ಉಂಟು ಎಂದು ನನ್ನನ್ನು ಕೇಳದೆ ಇವರು ಹೇಗೆ ತಿಳಿದರು? ಕಾಲಿಲ್ಲದವಳ ಕಾಲು ಎತ್ತಿಕೊಂಡು ಹೋಗುವುದು ಇಷ್ಟು ಸುಲಭವಾ?

ನಿನ್ನ ಕುರ್ಚಿ ಅಡುಗೆಮನೆಯ ಬಾಗಿಲಲ್ಲಿ ಹೋಗುವುದಿಲ್ಲ. ಚಹಾ ಬೇಕಾದರೆ ಅವರನ್ನು ಕರೆಯಬೇಕು. ಕರೆಯುವುದಿಲ್ಲ. ಇಡೀ ದಿನ ಚಾವಡಿಯಲ್ಲಿ ಕೂತು ನಿನ್ನ ವಿಮಾನದ ಬಗ್ಗೆ ಯೋಚಿಸುತ್ತೇನೆ. ಕಿಟಕಿಯ ಸೀಟು ಸಿಕ್ಕಿತಾ?

ನನಗೆ ಹೊಟ್ಟೆಕಿಚ್ಚು, ವಿಜೇತಾ. ಬೇರೆ ಚಂದದ ಹೆಸರು ಅದಕ್ಕೆ ಇಲ್ಲ.

ಹರಿಣಾಕ್ಷಿ


ಅಜೆಕಾರು
ನವೆಂಬರ್ 16, 2024

ಹರಿಣಕ್ಕ,

ನಿನ್ನೆ ಬಂದೆ. ಮೊದಲು ಕೆಟ್ಟ ಸುದ್ದಿ. ನಿಮ್ಮ ಕುರ್ಚಿ ಮುರಿದಿದೆ.

ಮಸ್ಕತ್ತಿನಲ್ಲಿ ಎಲ್ಲರೂ ಇಳಿದ ಮೇಲೆ ನನ್ನನ್ನು ಇಳಿಸಿದರು. ಕುರ್ಚಿ ವಿಮಾನದ ಬಾಗಿಲಿಗೆ ಬರುತ್ತದೆ ಎಂದಿದ್ದರು, ಬರಲಿಲ್ಲ. ಪೆಟ್ಟಿಗೆಗಳು ಬರುವ ಪಟ್ಟಿಯ ಮೇಲೆ ಮಗುಚಿಕೊಂಡು ಬಂತು. ಮುಂದಿನ ಸಣ್ಣ ಚಕ್ರವೊಂದು ಕಿತ್ತುಹೋಗಿತ್ತು, ಕೆಳಗಿನ ಕೊಳವೆ ಬಾಗಿತ್ತು. ಅದರ ಮೇಲೆ ಭಾರದ್ದೇನೋ ಇಟ್ಟಿರಬೇಕು. ನಾನು ಕಿತ್ತ ಚಕ್ರವನ್ನು ಮಡಿಲಲ್ಲಿ ಇಟ್ಟುಕೊಂಡೆ. ಅಳಲಿಲ್ಲ, ಬೆವರಿದೆ.

ಸಂಘದವರ ಬಸ್ಸು ಹೊರಗೆ ಕಾಯುತ್ತಿತ್ತು. "ನಾಳೆ ಹೇಳಿದರಾಯ್ತು, ಬಾ" ಎಂದು ಸರಸಕ್ಕ ಕರೆದರು. ಜೋಕಿಮ್ ಸರ್ ನನಗೆ ಮೊದಲೇ ಎಚ್ಚರಿಸಿದ್ದರು: ಪೆಟ್ಟಾದರೆ ನಿಲ್ದಾಣದಿಂದ ಹೊರಗೆ ಬರುವ ಮೊದಲೇ ದೂರು ಬರೆಸಬೇಕು, ಹೊರಗೆ ಬಂದ ಮೇಲೆ ಎಲ್ಲಿ ಮುರಿಯಿತೆಂದು ಯಾರು ನಂಬುತ್ತಾರೆ ಎಂದು. ಕೌಂಟರಿನವ ಬೇರೆ ಕೌಂಟರಿಗೆ ಕಳಿಸಿದ. ಅಲ್ಲಿಂದ ಇನ್ನೊಂದಕ್ಕೆ. ಬಸ್ಸಿನವರು ಸಿಟ್ಟಾದರು. "ಹರಿಣಕ್ಕನ ಕುರ್ಚಿ, ನಾನು ಬರುವುದಿಲ್ಲ" ಎಂದು ಕೂತೆ. ಕೊನೆಗೆ ಬಸ್ಸು ನನ್ನನ್ನೂ ಸರಸಕ್ಕನನ್ನೂ ಬಿಟ್ಟು ಹೋಯಿತು. ದೂರಿನ ಕಾಗದಕ್ಕೆ ಸೀಲು ಬಿದ್ದ ಮೇಲೆ ಟ್ಯಾಕ್ಸಿಯಲ್ಲಿ ಹೋದೆವು.

ಮರುದಿನ ಎಲ್ಲಿಂದಲೋ ತಂದ ಅಗಲದ ಕುರ್ಚಿಯಲ್ಲಿ ಸಭಾಂಗಣಕ್ಕೆ ಹೋದೆ. ವೇದಿಕೆಯಲ್ಲಿ ಜಮಖಾನೆಯ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದರು. ಜನ ತುಂಬಿದ್ದರು

ಇಷ್ಟು ಬರೆಯುವಾಗ ಅಮ್ಮ ನಿಮ್ಮ ಏಳನೇ ತಾರೀಕಿನ ಪತ್ರ ತಂದುಕೊಟ್ಟರು. ಕೊಡಲು ಮರೆತಿದ್ದರಂತೆ.

ಓದಿದೆ.

ಜನ ತುಂಬಿದ್ದರೆಂದು ಮುಂದೆ ಬರೆಯುವ ಮನಸ್ಸಿಲ್ಲ ಈಗ. ನೀವು ಬೇಡ ಎಂದ ಕುರ್ಚಿಯಲ್ಲಿ ನಾನು ಹೋದೆ, ಅದನ್ನು ಮುರಿದು ತಂದೆ. ಭಾವ ಕಾರ್ಕಳದಲ್ಲಿ ಕೊಡುವಾಗ ಮುಖ ನೋಡಿ ಮಾತಾಡಲಿಲ್ಲ, ಅವಸರವಿರಬೇಕು ಎಂದುಕೊಂಡೆ.

ಆಮಂತ್ರಣಕ್ಕೆ ನಿಮ್ಮ ಹೆಸರು ಹಾಕಬೇಕೆಂದು ಸರಸಕ್ಕನಿಗೆ ಹೇಳಿದ್ದೆ. ಹಾಕಲಿಲ್ಲ. ಎರಡನೇ ಸಲ ನಾನು ಹೇಳಲಿಲ್ಲ. ನನ್ನನ್ನೇ ಬಿಟ್ಟುಬಿಟ್ಟರೆ ಎಂದು ಹೆದರಿದೆ.

ಇನ್ನೊಂದು. ಎತ್ತುವಾಗ ನಾನು ನಗುವುದು ಯಾಕೆಂದು ನೀವು ಕೇಳಲಿಲ್ಲ. ನಾನು ನಗದಿದ್ದರೆ ಎತ್ತುವವರ ಕೈ ನಡುಗುತ್ತದೆ. ಒಮ್ಮೆ ಬಜಗೋಳಿಯಲ್ಲಿ ಬೀಳಿಸಿದ್ದಾರೆ. ಅಂದಿನಿಂದ ನಗುತ್ತೇನೆ. ಹೊಟ್ಟೆಕಿಚ್ಚು ನಿಮಗೊಬ್ಬರಿಗೇ ಎಂದು ತಿಳಿಯಬೇಡಿ. ನನ್ನ ಮದುವೆಗೆ ಗೊತ್ತಾದವನು ವಾರ್ಡಿನ ಬಾಗಿಲವರೆಗೆ ಬಂದು ಹಿಂದೆ ಹೋದ. ಭಾವ ನಿಮ್ಮ ತಲೆ ಬಾಚುವುದನ್ನು ನಾನು ಪಕ್ಕದ ಮಂಚದಿಂದ ದಿನವೂ ನೋಡಿದ್ದೇನೆ. ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ.

ವಿಮೆಯವರ ಸರ್ವೇಯರ್ ನಿಮ್ಮಲ್ಲಿಗೆ ಬರುತ್ತಾರೆ. ಒಪ್ಪಿಗೆಯಿಂದ ಕೊಟ್ಟದ್ದಾ ಎಂದು ಕೇಳುತ್ತಾರೆ. ಇದ್ದದ್ದನ್ನು ಹೇಳಿ. ಪರಿಹಾರ ಸಿಗದಿದ್ದರೆ ಹೊಸ ಕುರ್ಚಿ ನಾನು ಮಾಡಿಸಿ ಕೊಡುತ್ತೇನೆ, ಎಷ್ಟು ಕಾಲ ಹಿಡಿದರೂ. ಮುರಿದದ್ದನ್ನು ನಾಳೆ ಕಾರಿನಲ್ಲಿ ಕಳಿಸುತ್ತೇನೆ. ನಾನು ಬರುವುದಿಲ್ಲ.

ವಿಜೇತಾ


ಉಚ್ಚಿಲ
ಡಿಸೆಂಬರ್ 15, 2024

ವಿಜೇತಾ,

ಒಂದು ತಿಂಗಳು ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ನಡೆದದ್ದನ್ನು ಹೇಳುತ್ತೇನೆ.

ಮುರಿದ ಕುರ್ಚಿಯನ್ನು ಕಾರಿನಿಂದ ಇಳಿಸಿದಾಗ ನನಗೆ ಒಂದು ಗಳಿಗೆ ಹಿತವಾಯಿತು. ನಿನ್ನ ಸಂತೋಷಕ್ಕೂ ಪೆಟ್ಟು ಬಿತ್ತಲ್ಲ ಎಂದು. ಆಮೇಲೆ ಇವರು ಆ ಕಿತ್ತ ಚಕ್ರವನ್ನು ಕೈಯಲ್ಲಿ ಹಿಡಿದುಕೊಂಡು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತದ್ದು ನೋಡಿದೆ. ಹಿತ ನಿಲ್ಲಲಿಲ್ಲ.

ಸರ್ವೇಯರ್ ಮಂಗಳೂರಿನಿಂದ ಬಂದ. ಒಳ್ಳೆಯ ಹುಡುಗ, ಎಲ್ಲ ನೋಡಿ ಫೋಟೋ ತೆಗೆದ. ನೀನು ಬರೆಸಿದ ದೂರಿನ ಕಾಗದ ನೋಡಿ, "ಇದು ಇಲ್ಲದಿದ್ದರೆ ಕಷ್ಟ ಇತ್ತು" ಎಂದ. ಮತ್ತೆ ಪೆನ್ನು ತೆಗೆದು ಕೇಳಿದ: "ಅಮ್ಮ, ಇದನ್ನು ನೀವೇ ಒಪ್ಪಿ ಕೊಟ್ಟದ್ದಾ? ಅಥವಾ ನಿಮ್ಮನ್ನು ಕೇಳದೆ ಕೊಂಡುಹೋದದ್ದಾ?"

ಇವರು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿದ್ದರು. ಅಲ್ಲೇ ನಿಂತರು.

ಒಂದು ಮಾತು ಸಾಕಿತ್ತು. ಇವರ ತಪ್ಪಿಗೂ ಶಿಕ್ಷೆ, ನಿನಗೂ ಶಿಕ್ಷೆ. ನಾಲಗೆಯ ತುದಿಯಲ್ಲಿತ್ತು.

"ಸಹಿ ನನ್ನದು," ಎಂದೆ. "ಕೊಟ್ಟವಳೂ ನಾನೇ."

ಬರೆದುಕೊಂಡ. ಚಹಾ ಕುಡಿದು ಹೋದ.

ನಾನು ದೊಡ್ಡ ಮನಸ್ಸು ಮಾಡಿದೆ ಎಂದು ತಿಳಿಯಬೇಡ. ಇಲ್ಲ ಎಂದಿದ್ದರೆ ನೀನು ಊರಿಗೆಲ್ಲ ಪಾಪದ ಹುಡುಗಿಯಾಗುತ್ತಿದ್ದೆ. ಸಾಲ ಮಾಡಿ ಹರಿಣಾಕ್ಷಿಗೆ ಕುರ್ಚಿ ಮಾಡಿಸಿಕೊಟ್ಟಳಂತೆ ಎಂದು ಕಾಪುವಿನಿಂದ ಕಾರ್ಕಳದವರೆಗೆ ಜನ ಹೇಳುತ್ತಿದ್ದರು. ಆ ಹೆಸರೂ ನಿನಗೇ ಹೋಗುವುದನ್ನು ನನ್ನಿಂದ ನೋಡಲಾಗದು.

ಅವನು ಹೋದ ಮೇಲೆ ಇವರನ್ನು ಕರೆದು ಎದುರು ಕೂರಿಸಿದೆ. "ಇನ್ನು ನನ್ನ ಕುರ್ಚಿಗೆ ಕೈ ಹಾಕುವ ಮೊದಲು ನನ್ನನ್ನು ಕೇಳಬೇಕು. ನಾನು ಬೇಡ ಎಂದರೆ ಬೇಡ. ಒಳಗೆ ಬೇರೆ ಎಂತ ಉಂಟು ಎಂದು ಹುಡುಕಲಿಕ್ಕಿಲ್ಲ" ಎಂದೆ. "ಆಯ್ತು" ಎಂದರು. "ತಪ್ಪಾಯ್ತು" ಎಂದೂ ಹೇಳಿದರು. ಮದುವೆಯಾದ ಮೇಲೆ ಆ ಶಬ್ದ ಅವರ ಬಾಯಿಂದ ಬಂದದ್ದು ಮೊದಲು.

ಕೊಳವೆ ರಿಪೇರಿಯಾಗುವುದಿಲ್ಲವಂತೆ, ಹೊಸ ಕುರ್ಚಿಯೇ ಮಾಡಿಸಬೇಕು, ವಿಮೆಯವರು ಒಪ್ಪಿದ್ದಾರೆ. ಮುಂದಿನ ವಾರ ಮಣಿಪಾಲದಲ್ಲಿ ಜಾರ್ಜ್ ಸರ್ ಅಳತೆ ತೆಗೆಯುತ್ತಾರೆ. ಅದು ಬರುವವರೆಗೆ ನಿನ್ನ ಕಬ್ಬಿಣದ್ದು ನನ್ನಲ್ಲಿರಲಿ. ನಿನಗೆ ಮಸ್ಕತ್ತಿನ ಸಂಘದವರು ಒಂದನ್ನು ಕೊಟ್ಟಿದ್ದಾರೆಂದು ತಿಳಿಯಿತು.

ಇನ್ನು ಮುಖ್ಯ ವಿಷಯ. ಮಸ್ಕತ್ತಿನ ರೆಕಾರ್ಡಿಂಗ್ ಇವರ ಫೋನಿಗೆ ಬಂದಿತ್ತು. ನಾನು ಕೇಳುವುದಿಲ್ಲ ಎಂದಿದ್ದೆ. ಮೊನ್ನೆ ಇವರು ಬಂದರಿಗೆ ಹೋದಾಗ ಫೋನ್ ಬಿಟ್ಟುಹೋಗಿದ್ದರು. ಕೇಳಿದೆ.

ಮೊದಲ ಪದ್ಯದಲ್ಲಿ ನೀನು ಅವಸರ ಮಾಡಲಿಲ್ಲ. ಎದುರಿಗೆ ಕೂತ ಕಿರಿಯ ರಾಣಿ ಚೆನ್ನಾಗಿ ಎಳೆದಳು ನಿನ್ನನ್ನು. "ಅಕ್ಕಾ, ಇದ್ದದ್ದನ್ನು ಕೊಟ್ಟವಳು ನೀನೇ, ಈಗ ಅಳುವವಳೂ ನೀನೇ ಯಾಕೆ?" ಎಂದಳು. ಅದಕ್ಕೆ ನೀನು, "ಕೊಡುವವಳ ಚಾಚಿದ ಕೈ ಎಲ್ಲರಿಗೂ ಕಾಣುತ್ತದೆ ತಂಗಿ, ಹಿಂದಕ್ಕೆ ಬಂದ ಕೈಯಲ್ಲಿ ಏನು ಉಳಿಯಿತು ಎಂದು ಯಾರೂ ನೋಡುವುದಿಲ್ಲ" ಎಂದೆ. ಎಷ್ಟು ಚಪ್ಪಾಳೆ! ಆ ಮಾತು ನನ್ನದು. ವಾರ್ಡಿನಲ್ಲಿ ಆಡಿದ್ದು. ಚಪ್ಪಾಳೆ ಮುಗಿಯುವವರೆಗೆ ಹಲ್ಲು ಕಚ್ಚಿಕೊಂಡು ಕೂತೆ.

ಆದರೆ ಅವಳು ಬಿಡಲಿಲ್ಲ. "ನಾನು ನೋಡುತ್ತಿದ್ದೇನೆ. ಹೇಳು, ಏನು ಉಳಿಯಿತು?" ಎಂದು ಕೇಳಿದಳು. ನೀನು ಸುಮ್ಮನಾದೆ. ಮದ್ದಳೆಯವನು ಒಂದು ಬೆರಳು ಕೂಡ ಹಾಕಲಿಲ್ಲ. ಭಾಗವತರು ಮುಂದಿನ ಪದ್ಯ ಎತ್ತಿ ನಿನ್ನನ್ನು ದಾಟಿಸಿದರು. ಜನರಿಗೆ ತಿಳಿದಿರಲಿಕ್ಕಿಲ್ಲ. ನನಗೆ ತಿಳಿಯಿತು.

ನಾನು ಉತ್ತರ ಹೇಳಿದೆ, ವಿಜೇತಾ. ಚಾವಡಿಯಲ್ಲಿ ಒಬ್ಬಳೇ, ಆ ಫೋನಿನ ಎದುರು, ಗಂಟಲು ಬಿಚ್ಚಿ. ಒಂದಲ್ಲ, ಒಂದರ ಹಿಂದೆ ಒಂದು ಬಂತು. ಬಿದ್ದ ಮೇಲೆ ಆ ಸ್ವರ ನನ್ನಲ್ಲಿ ಉಂಟೆಂದೇ ನನಗೆ ಗೊತ್ತಿರಲಿಲ್ಲ. ಇವರು ಅಂಗಳಕ್ಕೆ ಬಂದು ಚಪ್ಪಲಿ ಬಿಡದೆ ಒಳಗೆ ಇಣುಕಿ, "ಯಾರು ಬಂದಿದ್ದಾರೆ?" ಎಂದು ಕೇಳಿದರು.

ಆ ಉತ್ತರವನ್ನು ಕಾಗದದಲ್ಲಿ ಬರೆಯುವುದಿಲ್ಲ. ನೀನು ಬಾ. ಕಿರಿಯ ರಾಣಿಯಾಗಿ ಎದುರು ಕೂತು ಅವಳು ಕೇಳಿದ ಹಾಗೆ ಕೇಳು. ಆಗ ಹೇಳುತ್ತೇನೆ.

ಹರಿಣಾಕ್ಷಿ